ಮೇಲ್ ಅಸಲಿನಾ ನಕಲಿನಾ ಅಂತ ಪರೀಕ್ಷೆಗೆ ಕೂರಬೇಡಿ

(ಬ್ಯಾಂಕ್ ಹೆಸರಲ್ಲಿ ಬರೋ ಮೋಸದ ಮೇಲ್‌ಗಳ ಬಗ್ಗೆ ಹೋದ ವಾರ ಒಂದು ಕಡೆ ಮಾತಾಡಿದ್ದೆ. ಬಂದಿದ್ದವರಲ್ಲಿ ಹೆಚ್ಚಿನವರು ರಿಟೈರ್ ಆದೋರು, ಜೊತೆಗೆ ಒಂದಷ್ಟು ಕಾಲೇಜ್ ಹುಡುಗ್ರು. ಮಾತಾಡಿದ್ದನ್ನ ಬರೆದು ಕೊಡಿ ಅಂತ ಕೆಲವರು ಕೇಳಿದ್ರು, ಅದಕ್ಕೇ ಇದು. ಮಾತಿನ ಧಾಟಿ ಹೆಚ್ಚೇನೂ ಬದಲಾಯಿಸಿಲ್ಲ, ಕೊನೇಲಿ ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೀನಿ.)

ಎಲ್ಲರಿಗೂ ನಮಸ್ಕಾರ. ಶುರು ಮಾಡೋ ಮುಂಚೆ ಪರದೆ ಮೇಲೆ ಎರಡು ಮೇಲ್ ಹಾಕಿದ್ದೀನಿ ನೋಡಿ. ಎರಡೂ ನನ್ನ ಇನ್‌ಬಾಕ್ಸಿಗೇ ಬಂದಿದ್ದು, ಬ್ಯಾಂಕ್ ಹೆಸರು ಮಾತ್ರ ಅಳಿಸಿದ್ದೀನಿ. ಒಂದು ನಿಜವಾಗ್ಲೂ ಬ್ಯಾಂಕ್ ಕಳಿಸಿದ್ದು, ಇನ್ನೊಂದು ಕಳ್ಳರು ಕಳಿಸಿದ್ದು. ಮೊದಲನೇದ್ರಲ್ಲಿ ‘ಪ್ರಿಯ ಗ್ರಾಹಕರೇ’ ಅಂತ ಇದೆ, ಹೆಸರಿಲ್ಲ, ವಾಕ್ಯ ಒಂದು ಕಡೆ ತಪ್ಪಾಗಿದೆ, 7 ದಿನದೊಳಗೆ ನಿಮ್ಮ ವಿವರ ಅಪ್‌ಡೇಟ್ ಮಾಡದಿದ್ರೆ ಸೇವೆ ನಿಲ್ಲಬಹುದು ಅಂತ ಬೆದರಿಕೆ ಇದೆ, ಕೆಳಗಿರೋ ಲಿಂಕ್ ಎಂಥದೋ ಗೊತ್ತಿಲ್ಲದ ಕಂಪನಿ ವಿಳಾಸಕ್ಕೆ ಹೋಗುತ್ತೆ. ಎರಡನೇದ್ರಲ್ಲಿ ನನ್ನ ಪೂರ್ತಿ ಹೆಸರಿದೆ, ಕಾರ್ಡಿನ ಕೊನೇ 4 ಅಂಕಿ ಇದೆ, ಭಾಷೆ ನೀಟಾಗಿದೆ, ‘ಹೊಸ ಮೊಬೈಲಿಂದ ನಿಮ್ಮ ಖಾತೆಗೆ ಲಾಗಿನ್ ಆಗಿದೆ, ಅದು ನೀವೇ ಆಗಿದ್ರೆ ಏನೂ ಮಾಡಬೇಕಾಗಿಲ್ಲ’ ಅಂತ ಸಮಾಧಾನವಾಗಿ ಬರೆದಿದೆ.

ಯಾವುದು ನಕಲಿ, ಕೈ ಎತ್ತಿ.

ಮುಕ್ಕಾಲು ಪಾಲು ಜನ ಮೊದಲನೇದಕ್ಕೆ ಎತ್ತಿದ್ರಿ. ತಪ್ಪು. ಮೊದಲನೇದು ಬ್ಯಾಂಕಿಂದಲೇ ಬಂದಿದ್ದು. ನಾನು ಅನುಮಾನ ಬಂದು ಫೋನ್ ಮಾಡಿ ಕೇಳಿದ್ರೆ ಅಲ್ಲಿನವರೇ ಒಂದು ನಿಮಿಷ ತಡವರಿಸಿ, ಇನ್ಯಾರನ್ನೋ ಕೇಳ್ಕೊಂಡು ಬಂದು, ‘ಹೌದು ಸಾರ್ ಅದು ನಮ್ಮದೇ, ಮೇಲ್ ಕಳಿಸೋ ಕೆಲಸ ಹೊರಗಿನ ಕಂಪನಿಗೆ ಕೊಟ್ಟಿದ್ದೀವಿ’ ಅಂದ್ರು. ಎರಡನೇದು ಕಳ್ಳರದ್ದು. ಹೆಸರು, ಕಾರ್ಡಿನ ಕೊನೇ ಅಂಕಿಗಳೆಲ್ಲ ಅವರಿಗೆ ಹೇಗೆ ಸಿಕ್ತು ಅಂದ್ರೆ, ನಾವು ಆನ್‌ಲೈನಲ್ಲಿ ಏನೋ ಕೊಂಡಿರ್ತೀವಿ, ಆ ಅಂಗಡಿಯವರ ಡೇಟಾ ಯಾವಾಗ್ಲೋ ಸೋರಿಹೋಗಿರುತ್ತೆ, ಕೊನೇ 4 ಅಂಕಿ ಅಂತೂ ಪ್ರತಿ ರಸೀದಿ ಮೇಲೂ ಇರುತ್ತೆ, ಅದೇನು ದೊಡ್ಡ ಗುಟ್ಟಲ್ಲ.

ನಾನು ಎಷ್ಟೋ ವರ್ಷ ಮೇಲ್ ಸರ್ವರ್ ನೋಡ್ಕೊಳ್ಳೋ ಕೆಲಸ ಮಾಡಿದೋನು. ಇಂಥ ಭಾಷಣ ಎಷ್ಟೋ ಮಾಡಿದ್ದೀನಿ, ಎಲ್ಲಾ ಕಡೆ ಒಂದೇ ಪಾಠ ಒಪ್ಪಿಸ್ತಿದ್ದೆ, ಸ್ಪೆಲಿಂಗ್ ತಪ್ಪಿದ್ಯಾ ನೋಡಿ, ಕಳಿಸಿದೋರ ವಿಳಾಸ ನೋಡಿ, ಲಿಂಕ್ ಮೇಲೆ ಮೌಸ್ ಇಟ್ಟು ನೋಡಿ ಅಂತ. ಈಗ ಆ ಪಾಠದ ಮೇಲೆ ನನಗೇ ನಂಬಿಕೆ ಹೋಗಿದೆ. ಸುಳ್ಳು ಅಂತಲ್ಲ, ಅದೆಲ್ಲ ನಿಜವೇ, ಆದ್ರೆ ಆ ಪಾಠ ನಿಮ್ಮನ್ನ ಒಂದು ಪರೀಕ್ಷೆಗೆ ಕೂರಿಸುತ್ತೆ. ದಿನಾ ಪರೀಕ್ಷೆ, ಪ್ರಶ್ನೆಪತ್ರಿಕೆ ತಯಾರು ಮಾಡೋನು ಕಳ್ಳ, ನೂರು ಸಲ ಪಾಸಾಗಿ ಒಂದು ಸಲ ಫೇಲಾದ್ರೂ ಖಾತೆ ಖಾಲಿ. ಅದಕ್ಕೇ ಇವತ್ತು ನಾನು ಹೇಳೋದು ಒಂದೇ ಮಾತು, ಪರೀಕ್ಷೆಗೆ ಕೂರಲೇಬೇಡಿ. ಬ್ಯಾಂಕ್ ಹೆಸರಲ್ಲಿ ಮೇಲ್ ಬಂತಾ, ಅಸಲಿನೋ ನಕಲಿನೋ ತಲೆ ಕೆಡಿಸ್ಕೋಬೇಡಿ, ಅದನ್ನ ಮುಚ್ಚಿ, ಬ್ಯಾಂಕಿಗೆ ನಿಮ್ಮ ದಾರೀಲಿ ನೀವು ಹೋಗಿ. ಬ್ಯಾಂಕಿನ ಆಪ್ ಇದ್ರೆ ಅದನ್ನ ತೆಗೀರಿ, ಇಲ್ಲ ವಿಳಾಸ ನೀವೇ ಟೈಪ್ ಮಾಡಿ, ಇಲ್ಲ ಕಾರ್ಡಿನ ಹಿಂದೆ ಅಚ್ಚಾಗಿರೋ ನಂಬರಿಗೆ ಫೋನ್ ಮಾಡಿ. ಮೇಲ್ ಅಸಲಿ ಆಗಿದ್ರೆ ಅದೇ ವಿಷಯ ನಿಮ್ಮ ಖಾತೆ ಒಳಗೂ ಕಾಣುತ್ತೆ. ನಕಲಿ ಆಗಿದ್ರೆ ಕಾಣಲ್ಲ. ಅಷ್ಟೇ.

ಇಷ್ಟು ಹೇಳಿ ನಾನು ಕೂತ್ಕೋಬಹುದು. ಆದ್ರೆ ಈ ಮಾತು ಕೇಳೋಕೆ ಸುಲಭ, ಆ ಗಳಿಗೇಲಿ ನೆನಪಾಗಲ್ಲ, ಯಾಕೆ ನೆನಪಾಗಲ್ಲ ಅನ್ನೋದೇ ಇದರಲ್ಲಿ ಮುಖ್ಯ.

2009ರ ಅಕ್ಟೋಬರ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ನಿರ್ದೇಶಕರಾಗಿದ್ದ ರಾಬರ್ಟ್ ಮುಲ್ಲರ್ ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಭಾಷಣ ಮಾಡಿದ್ರು, ಸೈಬರ್ ಅಪರಾಧದ ಬಗ್ಗೆನೇ. ಅದರಲ್ಲಿ ತಮ್ಮದೇ ಒಂದು ಕಥೆ ಹೇಳ್ಕೊಂಡ್ರು. ಅವರ ಬ್ಯಾಂಕ್ ಹೆಸರಲ್ಲಿ ಒಂದು ಮೇಲ್ ಬಂತಂತೆ, ನೋಡೋಕೆ ಪಕ್ಕಾ ಬ್ಯಾಂಕಿನದೇ, ವಿವರ ಖಚಿತಪಡಿಸಿ ಅಂತ ಇತ್ತು, ಇವರು ಕೂತ್ಕೊಂಡು ಒಂದೊಂದೇ ತುಂಬ್ತಾ ಹೋದ್ರಂತೆ, ಇನ್ನು ಕೆಲವು ಕ್ಲಿಕ್ ಆಗಿದ್ರೆ ಮುಗೀತಿತ್ತು, ಅಷ್ಟರಲ್ಲಿ ಇದ್ಯಾಕೋ ಸರಿ ಇಲ್ಲ ಅನ್ನಿಸಿ ನಿಲ್ಲಿಸಿದ್ರಂತೆ. ಆಮೇಲೆ ಪಾಸ್‌ವರ್ಡ್‌ಗಳನ್ನೆಲ್ಲ ಬದಲಾಯಿಸಿ, ಹೆಂಡತಿ ಹತ್ರ ಹೋಗಿ ಇದು ನಮಗೊಂದು ಪಾಠ ಅಂತ ಸಮಜಾಯಿಷಿ ಕೊಡೋಕೆ ನೋಡಿದ್ರೆ, ಆಕೆ ಪಾಠ ಗೀಠ ಏನಿಲ್ಲ, ಅದು ನಮ್ಮ ದುಡ್ಡು, ಇನ್ಮೇಲೆ ನಿಮಗೆ ಇಂಟರ್ನೆಟ್ ಬ್ಯಾಂಕಿಂಗ್ ಬಂದ್ ಅಂತ ಹೇಳಿಬಿಟ್ರಂತೆ. ಇದೇ ಭಾಷಣದ ಹೊತ್ತಿಗೆ ಎಫ್‌ಬಿಐ ತನಿಖೆ ಮಾಡಿದ, ಬ್ಯಾಂಕ್ ಹೆಸರಿನ ಇಂಥದೇ ಮೋಸದ ಕೇಸಲ್ಲಿ ಅಮೆರಿಕ ಮತ್ತು ಈಜಿಪ್ಟಿನ ನೂರರ ಹತ್ತಿರ ಜನರ ಮೇಲೆ ಆರೋಪ ಬಿದ್ದಿತ್ತು. ಕಳ್ಳರನ್ನ ಹಿಡಿಯೋ ಇಲಾಖೆಯ ಮುಖ್ಯಸ್ಥರೇ ಗಾಳದ ಹತ್ರ ಹೋಗಿ ಬಂದಿದ್ರು ಅಂದ್ಮೇಲೆ, ಮೋಸಹೋದೋರನ್ನ ದಡ್ಡರು ಅನ್ನೋಕೆ ನಮಗೆ ಬಾಯಿಲ್ಲ.

ಗಾಳ ಅಂದೆ. ಈ ಥರದ ಮೋಸಕ್ಕಿರೋ ಫಿಶಿಂಗ್ ಅನ್ನೋ ಹೆಸರೂ ಮೀನು ಹಿಡಿಯೋದರಿಂದಲೇ ಬಂದಿದ್ದು, ಇಂಗ್ಲಿಷ್ ಸ್ಪೆಲಿಂಗ್ ಮಾತ್ರ ಬೇಕಂತಲೇ ತಿರುಚಿದ್ದು. 1990ರ ದಶಕದ ನಡುವಲ್ಲಿ ಅಮೆರಿಕಾ ಆನ್‌ಲೈನ್ ಅನ್ನೋ ಇಂಟರ್ನೆಟ್ ಕಂಪನಿಯ ಗ್ರಾಹಕರಿಗೆ ‘ನಾವು ಕಂಪನಿ ಸಿಬ್ಬಂದಿ, ನಿಮ್ಮ ಪಾಸ್‌ವರ್ಡ್ ಖಚಿತಪಡಿಸಿ’ ಅಂತ ಮೆಸೇಜ್ ಕಳಿಸಿ ಖಾತೆ ಕದೀತಿದ್ದ ಹುಡುಗರ ಭಾಷೆ ಅದು. ಆಗ ಕದೀತಿದ್ದಿದ್ದು ಮುಖ್ಯವಾಗಿ ಪುಕ್ಕಟೆ ಇಂಟರ್ನೆಟ್‌ಗೋಸ್ಕರ. 2000 ದಾಟಿದ ಮೇಲೆ ಇದು ದುಡ್ಡಿನ ಕಡೆ ತಿರುಗ್ತು, ಬ್ಯಾಂಕುಗಳ ಹೆಸರು ಬಳಸೋದು ಜೋರಾಯ್ತು. ಗಮನಿಸಿ, ಆ ವಾಕ್ಯ ಮಾತ್ರ ಇವತ್ತಿಗೂ ಅದೇ, ‘ಖಚಿತಪಡಿಸಿ’. ಹೆಚ್ಚುಕಮ್ಮಿ ಮೂವತ್ತು ವರ್ಷದಿಂದ ಒಂದೇ ಹುಳ, ಮೀನು ಮಾತ್ರ ಹೊಸದು.

ಈ ಮೇಲ್ ನಮ್ಮ ಮೇಲೆ ಯಾಕೆ ಕೆಲಸ ಮಾಡುತ್ತೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತ ಗಾದೆ ಇದ್ಯಲ್ಲ, ಥೇಟ್ ಅದೇ. ಕಳ್ಳ ಲಕ್ಷಗಟ್ಟಲೆ ಜನಕ್ಕೆ ಒಂದೇ ಮೇಲ್ ಕಳಿಸ್ತಾನೆ. ಆ ಬ್ಯಾಂಕಲ್ಲಿ ಖಾತೆನೇ ಇಲ್ಲದೋರು ನಕ್ಕು ಡಿಲೀಟ್ ಮಾಡ್ತಾರೆ. ಖಾತೆ ಇದ್ದು, ಅವತ್ತು ಕಾರ್ಡಿಗೆ ಸಂಬಂಧಪಟ್ಟ ಯಾವುದೋ ತಲೆನೋವು ಇರೋರು ಕೆಲವರು ಇದ್ದೇ ಇರ್ತಾರೆ, ಅವರು ಹೆಗಲು ಮುಟ್ಟಿ ನೋಡ್ಕೋತಾರೆ, ಅಯ್ಯೋ ನನಗೇ ಬಂದಿದೆ, ಬ್ಯಾಂಕಿಗೆ ಹೇಗೆ ಗೊತ್ತಾಯ್ತೋ ಅಂತ. ಬ್ಯಾಂಕಿಗೂ ಗೊತ್ತಿಲ್ಲ ಕಳ್ಳನಿಗೂ ಗೊತ್ತಿಲ್ಲ, ಲಕ್ಷ ಸಲ ಕಲ್ಲು ಹೊಡೆದ್ರೆ ಒಂದು ಮಾವಿನಕಾಯಿ ಬಿದ್ದೇ ಬೀಳುತ್ತೆ.

ನನ್ನ ಕಥೇನೂ ಹೇಳಿಬಿಡ್ತೀನಿ, ನಾಚಿಕೆ ಪಡೋದೇನಿಲ್ಲ. ಕಾರ್ಡ್ ಅವಧಿ ಮುಗಿದಿತ್ತು, ಹೊಸದು ಪೋಸ್ಟಲ್ಲಿ ಬರಬೇಕಿತ್ತು, ಬಂದಿರಲಿಲ್ಲ, ದಿನಾ ಕಾಯ್ತಿದ್ದೆ. ಒಂದು ಕೈಯಲ್ಲಿ ಬ್ಯಾಗು ಹಿಡ್ಕೊಂಡು ಕ್ಯೂನಲ್ಲಿ ನಿಂತಿದ್ದೆ, ಆಗ ‘ನಿಮ್ಮ ಹೊಸ ಕಾರ್ಡ್ ತಲುಪಿಸೋಕೆ ಆಗಲಿಲ್ಲ, ವಿಳಾಸ ಖಚಿತಪಡಿಸಿ’ ಅಂತ ಮೇಲ್ ಬಂತು. ಒಂದು ಕ್ಷಣನೂ ಯೋಚಿಸಲಿಲ್ಲ ಕಣ್ರೀ, ಒತ್ತಿಬಿಟ್ಟೆ. ಬ್ಯಾಂಕಿನ ಪೇಜೇ ಬಂತು, ಅದೇ ಬಣ್ಣ, ಅದೇ ಲೋಗೋ. ಯೂಸರ್‌ನೇಮ್ ಹಾಕಿದೆ. ಪಾಸ್‌ವರ್ಡ್‌ಗಳನ್ನ ನಾನು ಪಾಸ್‌ವರ್ಡ್ ಮ್ಯಾನೇಜರ್ ಆಪಲ್ಲಿ ಇಟ್ಟಿರ್ತೀನಿ, ಮಾಮೂಲಿ ಅದೇ ತುಂಬುತ್ತೆ, ಅವತ್ತು ತುಂಬಲಿಲ್ಲ. ಈ ದರಿದ್ರ ಆಪಿಗೆ ಇವತ್ತೇ ಕೆಡಬೇಕಿತ್ತಾ ಅಂತ ಬೈಕೊಂಡು, ಆಪ್ ತೆಗೆದು ಪಾಸ್‌ವರ್ಡ್ ಕಾಪಿ ಮಾಡ್ಕೊಂಡು ಬಂದು ಪೇಸ್ಟ್ ಮಾಡೋಕೆ ಬೆರಳು ಇಟ್ಟಿದ್ದೀನಿ, ಆಗ ಹೊಳೀತು, ಆಪು ಕೆಟ್ಟಿಲ್ಲ, ಪೇಜೇ ಬೇರೆ, ಅದಕ್ಕೇ ಅದು ಬಾಯಿ ಬಿಡ್ತಿಲ್ಲ ಅಂತ. ಅವತ್ತು ನನ್ನ ಇಷ್ಟು ವರ್ಷದ ಅನುಭವ ನನ್ನನ್ನ ಉಳಿಸಲಿಲ್ಲ. ತುಂಬದೇ ಇದ್ದ ಒಂದು ಖಾಲಿ ಡಬ್ಬಿ ಉಳಿಸ್ತು. ಈ ಆಪ್ ವಿಷಯಕ್ಕೆ ಆಮೇಲೆ ಬರ್ತೀನಿ.

ಈಗ, ಕಳಿಸಿದೋರ ವಿಳಾಸ ಬ್ಯಾಂಕಿನದೇ ಇತ್ತಲ್ಲ ಅಂತ ಬಹಳ ಜನ ಹೇಳ್ತಾರೆ. ಅದು ಹೇಗಾಗುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಲ್ಲಿ ತಪ್ಪು ತಿಳುವಳಿಕೆ ಜಾಸ್ತಿ. ಇಮೇಲ್ ಸಾಗಿಸೋ ನಿಯಮ, ಎಸ್‌ಎಂಟಿಪಿ ಅಂತಾರೆ, 1982ರಲ್ಲಿ ಬರೆದಿದ್ದು. ಆಗ ಇಂಟರ್ನೆಟ್ಟಲ್ಲಿ ಇದ್ದೋರು ಸಂಶೋಧಕರು, ಯೂನಿವರ್ಸಿಟಿಯವರು, ಬಹುಪಾಲು ಒಬ್ಬರಿಗೊಬ್ಬರು ಗೊತ್ತಿರೋರು, ಯಾರೂ ಸುಳ್ಳು ಹೆಸರು ಹಾಕಲ್ಲ ಅನ್ನೋ ನಂಬಿಕೆ ಮೇಲೆ ಕಟ್ಟಿದ್ದು. ಹಾಗಾಗಿ ‘ಇಂದ’ ಅನ್ನೋ ಜಾಗದಲ್ಲಿ ಯಾರು ಬೇಕಾದ್ರೂ ಏನು ಬೇಕಾದ್ರೂ ಬರೀಬಹುದು. ನೀವು ಒಂದು ಕಾಗದ ಬರೆದು ಕೆಳಗೆ ‘ಇತಿ, ಬ್ಯಾಂಕ್ ಮ್ಯಾನೇಜರ್’ ಅಂತ ಸಹಿ ಹಾಕಿ ಪೋಸ್ಟ್ ಡಬ್ಬಿಗೆ ಹಾಕಿದ್ರೆ ಪೋಸ್ಟಿನವನು ತಂದು ಕೊಡ್ತಾನೆ ತಾನೆ, ಸಹಿ ನಿಮ್ಮದೇನಾ ಅಂತ ಅವನು ಕೇಳ್ತಾನಾ? ಹಾಗೇ.

ಇದಕ್ಕೆ ಆಮೇಲೆ ತೇಪೆ ಹಾಕ್ತಾ ಬಂದ್ರು. ಎಸ್‌ಪಿಎಫ್ ಅಂತ ಒಂದು, ನಮ್ಮ ಹೆಸರಲ್ಲಿ ಮೇಲ್ ಕಳಿಸೋ ಸರ್ವರ್‌ಗಳು ಇವೇ ಅಂತ ಬ್ಯಾಂಕು ಮೊದಲೇ ಪಟ್ಟಿ ಹಾಕಿಡೋದು. ಡಿಕಿಮ್ ಅಂತ ಇನ್ನೊಂದು, ಮೇಲಿಗೆ ಡಿಜಿಟಲ್ ಮೊಹರು ಹಾಕೋದು. ಇವೆರಡೂ ಹೊಂದದೇ ಇದ್ರೆ ಆ ಮೇಲನ್ನ ಏನು ಮಾಡಬೇಕು, ಬಿಡಬೇಕಾ, ಸ್ಪ್ಯಾಮಿಗೆ ತಳ್ಳಬೇಕಾ, ಬಾಗಿಲಲ್ಲೇ ತಡೀಬೇಕಾ ಅಂತ ಬ್ಯಾಂಕು ಹೇಳೋ ವ್ಯವಸ್ಥೆ ಡಿಮಾರ್ಕ್, ಅದು 2012ರಲ್ಲಿ ಹೊರಬಂತು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ, ರಾಶಿ ರಾಶಿ ಮೇಲ್ ಕಳಿಸೋರಿಗೆ ಇದೆಲ್ಲ ಇರಲೇಬೇಕು ಅಂತ ಮಾಡಿದ್ವು, ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸೋರಿಗೆ ಈ ನಿಯಮ. ಒಳ್ಳೇದೇ. ಬ್ಯಾಂಕಿನ ವಿಳಾಸವನ್ನೇ ಯಥಾವತ್ತು ಕದ್ದು ಕಳಿಸೋ ಮೇಲ್ ಇದರಿಂದ ಕಷ್ಟ ಆಗಿದೆ.

ಆದ್ರೆ ಕಳ್ಳ ಏನು ಮಾಡ್ದ? ಬ್ಯಾಂಕಿನ ವಿಳಾಸ ಕದಿಯೋದೇ ಬಿಟ್ಟು, ಹತ್ತಿರಹತ್ತಿರ ಅದೇ ಥರ ಕಾಣೋ ತನ್ನದೇ ಒಂದು ವಿಳಾಸ ಕೊಂಡ್ಕೊಂಡ. ಅದಕ್ಕೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ನೀಟಾಗಿ ಹಾಕ್ಕೊಂಡ. ಈಗ ಅವನ ಮೇಲ್ ಎಲ್ಲಾ ತಪಾಸಣೆಯಲ್ಲೂ ಪಾಸ್. ಆ ತಪಾಸಣೆ ಹೇಳೋದು ‘ಈ ಮೇಲ್ ಆ ವಿಳಾಸದಿಂದಲೇ ಬಂದಿದೆ’ ಅಂತ ಮಾತ್ರ, ಆ ವಿಳಾಸ ಯಾರದ್ದು ಅಂತ ಅದು ಹೇಳಲ್ಲ. ಜೊತೆಗೆ ಮೊಬೈಲಲ್ಲಿ ನಮಗೆ ಸಾಮಾನ್ಯವಾಗಿ ವಿಳಾಸ ಕಾಣೋದೇ ಇಲ್ಲ, ಕಳಿಸಿದೋರ ಹೆಸರು ಮಾತ್ರ ದಪ್ಪ ಅಕ್ಷರದಲ್ಲಿ ಕಾಣುತ್ತೆ, ಆ ಹೆಸರಿಗೆ ಯಾವ ತಪಾಸಣೆಯೂ ಇಲ್ಲ, ನಾನು ಈಗಲೇ ನನ್ನ ಮೇಲ್ ಸೆಟ್ಟಿಂಗಲ್ಲಿ ನನ್ನ ಹೆಸರನ್ನ ‘ಬ್ಯಾಂಕ್ ಗ್ರಾಹಕ ಸೇವೆ’ ಅಂತ ಬದಲಾಯಿಸ್ಕೋಬಹುದು.

ಹತ್ತಿರಹತ್ತಿರ ಕಾಣೋ ವಿಳಾಸ ಅಂದೆ. ಇಂಗ್ಲಿಷ್ ಸಣ್ಣಕ್ಷರದ ಆರ್ ಮತ್ತು ಎನ್ ಅಂಟಿಸಿ ಇಟ್ರೆ ಎಮ್ ಥರ ಕಾಣುತ್ತೆ, ಮೊಬೈಲಲ್ಲಿ ಅಂತೂ ದೇವರಾಣೆಗೂ ಗೊತ್ತಾಗಲ್ಲ. ಸಣ್ಣ ಎಲ್ ಇರೋ ಕಡೆ ದೊಡ್ಡ ಐ ಅಥವಾ 1 ಅನ್ನೋ ಅಂಕಿ. ರಷ್ಯನ್ ಬರೆಯೋ ಸಿರಿಲಿಕ್ ಲಿಪಿಯಲ್ಲಿ ಇರೋ ಎ ಅಕ್ಷರಕ್ಕೂ ಇಂಗ್ಲಿಷ್ ಎ ಅಕ್ಷರಕ್ಕೂ ಕಣ್ಣಿಗೆ ಒಂದು ಕೂದಲಿನಷ್ಟೂ ವ್ಯತ್ಯಾಸ ಇಲ್ಲ, ಕಂಪ್ಯೂಟರಿಗೆ ಮಾತ್ರ ಅವು ಬೇರೆಬೇರೆ. 2017ರಲ್ಲಿ ಒಬ್ಬ ಸಂಶೋಧಕ ಪೂರ್ತಿ ಸಿರಿಲಿಕ್ ಅಕ್ಷರಗಳಲ್ಲೇ ಆಪಲ್ ಕಂಪನಿಯ ವಿಳಾಸದ ಥರ ಕಾಣೋ ವಿಳಾಸ ಮಾಡಿ ತೋರಿಸಿದ, ಆಗಿನ ಕ್ರೋಮ್, ಫೈರ್‌ಫಾಕ್ಸ್ ಬ್ರೌಸರ್ ಎರಡರಲ್ಲೂ ಅಸಲಿ ಥರಾನೇ ಕಾಣ್ತಿತ್ತು, ಆಮೇಲೆ ಕ್ರೋಮ್‌ನವರು ಸರಿ ಮಾಡಿದ್ರು.

ಇನ್ನೊಂದು ತಂತ್ರ ಇದಕ್ಕಿಂತ ಸರಳ, ಇದಕ್ಕಿಂತ ಜಾಸ್ತಿ ಬಳಕೇಲಿರೋದು. ‘ನಿಮ್ಮಬ್ಯಾಂಕ್ ಡಾಟ್ ಕಾಮ್ ಡಾಟ್ ವೆರಿಫೈ-ಅಕೌಂಟ್ ಡಾಟ್ ನೆಟ್’ ಅಂತ ಒಂದು ವಿಳಾಸ ಇದೆ ಅಂದ್ಕೊಳ್ಳಿ. ನಾವು ಎಡದಿಂದ ಓದ್ತೀವಿ, ಶುರುವಲ್ಲೇ ಬ್ಯಾಂಕಿನ ಹೆಸರು ಸಿಕ್ತು, ನಿರಾಳ. ಆದ್ರೆ ವೆಬ್ ವಿಳಾಸದ ಯಜಮಾನ ಇರೋದು ಬಲಗಡೆ, ಮೊದಲ ಒಂಟಿ ಓರೆಗೆರೆಗಿಂತ (/) ಸ್ವಲ್ಪ ಮುಂಚೆ. ಕಾಗದದ ಮೇಲಿನ ವಿಳಾಸ ಇದ್ದ ಹಾಗೆ, ಮೊದಲ ಸಾಲಲ್ಲಿ ಮನೆ ಹೆಸರು ಏನಾದ್ರೂ ಇಟ್ಕೊಳ್ಳಿ, ಕಾಗದ ಹೋಗೋದು ಕೊನೇ ಸಾಲಲ್ಲಿರೋ ಊರಿಗೆ. ಇಲ್ಲಿ ಊರು ‘ವೆರಿಫೈ-ಅಕೌಂಟ್ ಡಾಟ್ ನೆಟ್’, ಎಡಗಡೆ ಇರೋ ಬ್ಯಾಂಕಿನ ಹೆಸರು ಕಳ್ಳ ತನ್ನ ಮನೆ ಬಾಗಿಲಿಗೆ ತೂಗುಹಾಕ್ಕೊಂಡಿರೋ ಬೋರ್ಡು.

ಇದನ್ನ ಕಲ್ತ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಇದರ ಮೇಲೆ ಭಾರ ಹಾಕಬೇಡಿ. ಲಿಂಕ್ ಚಿಕ್ಕದು ಮಾಡೋ ಸೇವೆಗಳಿವೆ, ಅದರಲ್ಲಿ ಎಲ್ಲಿಗೆ ಹೋಗುತ್ತೆ ಅಂತ ಕಾಣಲ್ಲ. ಈಚೆಗೆ ಲಿಂಕ್ ಬದಲು ಕ್ಯೂಆರ್ ಕೋಡ್ ಅಂಟಿಸಿ ಕಳಿಸ್ತಾರೆ, ಅದನ್ನಂತೂ ಕಣ್ಣಲ್ಲಿ ಓದೋಕೆ ಯಾರಿಗೂ ಆಗಲ್ಲ, ಮೇಲ್ ಸೋಸೋ ಎಷ್ಟೋ ಸಾಫ್ಟ್‌ವೇರಿಗೂ ಅದು ಬರೀ ಚಿತ್ರ. ಕೆಲವು ಮೇಲಲ್ಲಿ ಲಿಂಕೇ ಇರಲ್ಲ, ‘ನಿಮ್ಮ ಕಾರ್ಡಿಂದ ದೊಡ್ಡ ಮೊತ್ತ ಕಡಿತ ಆಗಿದೆ, ನೀವು ಮಾಡಿಲ್ಲ ಅಂದ್ರೆ ತಕ್ಷಣ ಈ ನಂಬರಿಗೆ ಕರೆ ಮಾಡಿ’ ಅಂತ ಇರುತ್ತೆ, ಕರೆ ಮಾಡಿದ್ರೆ ಆ ಕಡೆ ಬಹಳ ಮರ್ಯಾದೆಯಿಂದ ಮಾತಾಡೋನು ಸಿಗ್ತಾನೆ, ಒಂದು ಆಪ್ ಹಾಕ್ಕೊಳ್ಳಿ ಸಾರ್ ನಾನೇ ಸರಿ ಮಾಡಿಕೊಡ್ತೀನಿ ಅಂತಾನೆ, ಆ ಆಪ್ ಹಾಕ್ಕೊಂಡ್ರೆ ನಿಮ್ಮ ಸ್ಕ್ರೀನ್ ಅವನ ಕೈಲಿ.

ಸೈಟಿನ ವಿಳಾಸದ ಪಕ್ಕ ಬೀಗದ ಚಿತ್ರ ಇತ್ತು ಅಂತಾನೂ ಹೇಳ್ತಾರೆ. ಬೀಗ ಅಂದ್ರೆ ನಿಮಗೂ ಆ ಸೈಟಿಗೂ ನಡುವೆ ಮಾತು ಗುಟ್ಟಾಗಿದೆ ಅಂತ ಅಷ್ಟೇ ಅರ್ಥ. ಕಳ್ಳನ ಜೊತೆ ಗುಟ್ಟಾಗಿ ಮಾತಾಡಿದ್ರೆ ಏನು ಬಂತು? 2015ರಿಂದ ಲೆಟ್ಸ್ ಎನ್‌ಕ್ರಿಪ್ಟ್ ಥರದ ಸಂಸ್ಥೆಗಳು ಇದಕ್ಕೆ ಬೇಕಾದ ಸರ್ಟಿಫಿಕೇಟನ್ನ ಪುಕ್ಕಟೆ ಕೊಡ್ತಿವೆ, ಅದರಿಂದ ಇಡೀ ವೆಬ್ಬಿಗೆ ಒಳ್ಳೇದೇ ಆಯ್ತು, ಕಳ್ಳರಿಗೂ ಸಿಕ್ತು. ಜನ ಬೀಗ ನೋಡಿ ನಂಬ್ತಾರೆ ಅಂತಲೇ ಕ್ರೋಮ್‌ನವರು 2023ರ ಸೆಪ್ಟೆಂಬರ್‌ನಲ್ಲಿ ಆ ಬೀಗದ ಚಿತ್ರಾನೇ ತೆಗೆದುಹಾಕಿದ್ರು.

ಸ್ಪೆಲಿಂಗ್ ತಪ್ಪಿನ ವಿಷಯ ಜಾಸ್ತಿ ಹೇಳಲ್ಲ. ಹಿಂದೆ ಕಳ್ಳರ ಇಂಗ್ಲಿಷೂ ಕೆಟ್ಟದಾಗಿರ್ತಿತ್ತು, ಕನ್ನಡ ಅಂತೂ ಓದಿದ್ರೆ ನಗು ಬರ್ತಿತ್ತು, ಈಗ ಎಐ ಬಂದ ಮೇಲೆ ಯಾವ ಭಾಷೇಲಿ ಬೇಕಾದ್ರೂ ನೀಟಾದ ಕಾಗದ ಅರೆ ನಿಮಿಷದಲ್ಲಿ ತಯಾರು.

ಇನ್ನು ಒಟಿಪಿ. ನನಗೆ ಒಟಿಪಿ ಬರುತ್ತಲ್ಲ, ಪಾಸ್‌ವರ್ಡ್ ಹೋದ್ರೂ ಏನೂ ಆಗಲ್ಲ ಅನ್ನೋರು ಇಲ್ಲಿ ಎಷ್ಟು ಜನ? ಬಹಳ ಜನ ಇದ್ದೀರಿ. ನಡೆಯೋದು ಹೀಗೆ. ನೀವು ನಕಲಿ ಪೇಜಲ್ಲಿ ಪಾಸ್‌ವರ್ಡ್ ಹಾಕ್ತೀರ, ಆ ಪೇಜಿನ ಹಿಂದೆ ಇರೋ ಪ್ರೋಗ್ರಾಂ ಅದೇ ಕ್ಷಣ ಅಸಲಿ ಬ್ಯಾಂಕಿನ ಸೈಟಲ್ಲಿ ಅದನ್ನ ಹಾಕುತ್ತೆ, ಅಸಲಿ ಬ್ಯಾಂಕು ನಿಮ್ಮ ಮೊಬೈಲಿಗೆ ಅಸಲಿ ಒಟಿಪಿ ಕಳಿಸುತ್ತೆ, ನಿಮಗೆ ಇನ್ನೂ ಧೈರ್ಯ ಬರುತ್ತೆ, ಒಟಿಪಿ ಬಂತು ಅಂದ್ಮೇಲೆ ಇದು ಬ್ಯಾಂಕೇ ಅಂತ, ಆ ಒಟಿಪಿಯನ್ನೂ ನಕಲಿ ಪೇಜಲ್ಲಿ ಹಾಕ್ತೀರ, ಅದು ಅಲ್ಲಿಂದ ಅಲ್ಲಿಗೆ ದಾಟುತ್ತೆ, ಅವನು ಒಳಗೆ. ನಡುವೆ ಕೂತು ಎರಡೂ ಕಡೆ ಮಾತು ದಾಟಿಸೋ ಈ ಕೆಲಸಕ್ಕೆ ಮನುಷ್ಯ ಬೇಕಾಗಿಲ್ಲ, ಸಿದ್ಧ ಸಾಫ್ಟ್‌ವೇರ್ ಸಿಗುತ್ತೆ. ಒಟಿಪಿ ಬೇಡ ಅಂತ ನಾನು ಹೇಳ್ತಿಲ್ಲ, ಇರಲೇಬೇಕು, ಪಾಸ್‌ವರ್ಡ್ ಮಾತ್ರ ಸೋರಿದಾಗ ಅದು ಕಾಪಾಡುತ್ತೆ. ಆದ್ರೆ ಒಟಿಪಿಯನ್ನ ನಾವೇ ನಮ್ಮ ಕೈಯಾರೆ ಕೊಟ್ಟಾಗ ಅದಕ್ಕೆ ಕಾಯೋಕೆ ಏನೂ ಉಳಿಯಲ್ಲ. ಮೆಸೇಜಲ್ಲಿ ಒಟಿಪಿ ಪಕ್ಕ ಯಾವುದಕ್ಕೆ, ಎಷ್ಟು ಮೊತ್ತಕ್ಕೆ ಅಂತ ಬಹಳ ಬ್ಯಾಂಕುಗಳು ಬರೆದಿರ್ತವೆ, ನಾವು ಅಂಕಿ ಮಾತ್ರ ನೋಡ್ತೀವಿ, ಆ ಸಾಲು ಓದಲ್ಲ.

ಹಾಗಾದ್ರೆ ಏನು ಕೆಲಸ ಮಾಡುತ್ತೆ? ನಮ್ಮ ಕಣ್ಣಿಗಿಂತ ಯಂತ್ರದ ಕಣ್ಣು ವಾಸಿ. ಪಾಸ್‌ವರ್ಡ್ ಮ್ಯಾನೇಜರ್ ಕಥೆ ಹೇಳಿದ್ನಲ್ಲ, ಅದು ಲೋಗೋ ನೋಡಲ್ಲ, ಬಣ್ಣ ನೋಡಲ್ಲ, ಗಾಬರಿ ಬೀಳಲ್ಲ, ವಿಳಾಸ ಅಕ್ಷರ ಅಕ್ಷರ ಹೊಂದಿದ್ರೆ ತುಂಬುತ್ತೆ ಇಲ್ಲಾಂದ್ರೆ ಇಲ್ಲ. ಸಿರಿಲಿಕ್ ಎ ಹಾಕಿ ಅದನ್ನ ಏಮಾರಿಸೋಕೆ ಆಗಲ್ಲ. ಹಾಗಾಗಿ ಒಂದು ದಿನ ಅದು ತುಂಬಲಿಲ್ಲ ಅಂದ್ರೆ ನನ್ನ ಥರ ಬೈಬೇಡಿ, ಕೈ ಹಿಂದೆಗೀರಿ. ಇದಕ್ಕಿಂತ ಗಟ್ಟಿ ಪಾಸ್‌ಕೀ ಅಂತ ಬಂದಿದೆ, ಅದರಲ್ಲಿ ಟೈಪ್ ಮಾಡೋ ಪಾಸ್‌ವರ್ಡೇ ಇಲ್ಲ, ನಿಮ್ಮ ಮೊಬೈಲ್ ಆ ಸೈಟಿನ ವಿಳಾಸಕ್ಕೇ ಕಟ್ಟಿಹಾಕಿದ ಒಂದು ಕೀಲಿ ಇಟ್ಕೊಂಡಿರುತ್ತೆ, ನಕಲಿ ಸೈಟಿಗೆ ಕೊಡೋಣ ಅಂತ ನೀವೇ ಹಟ ಹಿಡಿದ್ರೂ ಕೊಡೋಕೆ ಬರಲ್ಲ. ಇದೇ ತತ್ವದ ಸಣ್ಣ ಯುಎಸ್‌ಬಿ ಕೀಲಿಗಳನ್ನ ಗೂಗಲ್ ಕಂಪನಿ 2017ರ ಶುರುವಲ್ಲಿ ತನ್ನ ಸಿಬ್ಬಂದಿಗೆಲ್ಲ ಕಡ್ಡಾಯ ಮಾಡ್ತು, 85,000ಕ್ಕೂ ಹೆಚ್ಚು ಜನ, ಆಮೇಲೆ ಅವರ ಕೆಲಸದ ಖಾತೆ ಒಂದೂ ಫಿಶಿಂಗಿಗೆ ಬಿದ್ದಿಲ್ಲ ಅಂತ 2018ರಲ್ಲಿ ಕಂಪನಿ ಹೇಳ್ತು. ನಿಮ್ಮ ಬ್ಯಾಂಕು ಪಾಸ್‌ಕೀ ಕೊಡುತ್ತೋ ಇಲ್ವೋ ನೋಡಿ, ಕೊಟ್ರೆ ಹಾಕ್ಕೊಳ್ಳಿ. ಬ್ಯಾಂಕಲ್ಲಿ ಇಲ್ಲದಿದ್ರೆ ಕೊನೇಪಕ್ಷ ನಿಮ್ಮ ಇಮೇಲ್ ಖಾತೆಗೆ ಹಾಕಿ, ಯಾಕಂದ್ರೆ ಎಲ್ಲಾ ಪಾಸ್‌ವರ್ಡ್ ರೀಸೆಟ್ ಆಗೋದು ಅಲ್ಲಿಂದಲೇ.

ಇನ್ನೊಂದು, ದುಡ್ಡು ಖರ್ಚಿಲ್ಲದ ಉಪಾಯ, ನಾನು ಪಾಲಿಸೋದು. ಬ್ಯಾಂಕಿಗೆ ಮಾತ್ರ ಅಂತ ಬೇರೆ ಒಂದು ಇಮೇಲ್ ವಿಳಾಸ ಮಾಡ್ಕೊಳ್ಳಿ, ಅದನ್ನ ಇನ್ನೆಲ್ಲೂ ಕೊಡಬೇಡಿ, ಶಾಪಿಂಗಿಗೂ ಇಲ್ಲ ನೆಂಟರಿಗೂ ಇಲ್ಲ. ಆಮೇಲೆ ನಿಮ್ಮ ಮಾಮೂಲಿ ವಿಳಾಸಕ್ಕೆ ‘ನಿಮ್ಮ ಬ್ಯಾಂಕು’ ಅಂತ ಬರೋದೆಲ್ಲ ಓದೋ ಮುಂಚೆನೇ ಸುಳ್ಳು ಅಂತ ಗೊತ್ತಾಗುತ್ತೆ.

ಬ್ಯಾಂಕುಗಳ ಮೇಲೂ ನನಗೆ ಸಿಟ್ಟಿದೆ, ಅದನ್ನ ಹೇಳದೇ ಇರಲಾರೆ. ನಮ್ಮ ಹೆಸರಲ್ಲಿ ಬರೋ ಲಿಂಕ್ ಒತ್ತಬೇಡಿ ಅಂತ ಮೇಲ್ ಕಳಿಸ್ತಾರೆ, ಆ ಮೇಲಿನ ಕೆಳಗೇ ‘ಇನ್ನಷ್ಟು ತಿಳಿಯಲು ಇಲ್ಲಿ ಒತ್ತಿ’ ಅಂತ ಲಿಂಕ್! ಹೊರಗಿನ ಕಂಪನಿ ವಿಳಾಸದಿಂದ ಮೇಲ್ ಕಳಿಸ್ತಾರೆ, ಅವರೇ ಫೋನ್ ಮಾಡಿ ‘ನಾವು ಬ್ಯಾಂಕಿಂದ, ಮೊದಲು ನಿಮ್ಮ ಹುಟ್ಟಿದ ದಿನ ಹೇಳಿ’ ಅಂತ ಕೇಳ್ತಾರೆ. ಇಪ್ಪತ್ತು ವರ್ಷದಿಂದ ಬ್ಯಾಂಕುಗಳೇ ಜನಕ್ಕೆ ಕಳ್ಳನ ಭಾಷೆ ಅಭ್ಯಾಸ ಮಾಡಿಸಿ, ಕೊನೇಲಿ ಗ್ರಾಹಕರು ಎಚ್ಚರ ವಹಿಸಲಿಲ್ಲ ಅಂತ ಕೈ ತೊಳ್ಕೊಂಡ್ರೆ ಹೇಗೆ? ಲಿಂಕೇ ಇಲ್ಲದ ಮೇಲ್, ‘ನಿಮಗೊಂದು ಸಂದೇಶ ಇದೆ, ನಮ್ಮ ಆಪ್ ತೆರೆದು ನೋಡಿ’ ಅಂತ ಒಂದು ಸಾಲು, ಅಷ್ಟು ಸಾಕು. ಕೆಲವು ಬ್ಯಾಂಕು ಹಾಗೆ ಮಾಡ್ತಾವೆ ಕೂಡ. ನಿಮ್ಮ ಬ್ಯಾಂಕು ಮಾಡದಿದ್ರೆ ಒಂದು ದೂರು ಬರೆದು ಹಾಕಿ, ನಾನು ಬರೆದಿದ್ದೀನಿ, ಉತ್ತರ ಇನ್ನೂ ಬಂದಿಲ್ಲ ಬಿಡಿ.

ಇನ್ನು, ಆಗೋದು ಆಗಿಹೋಯ್ತು ಅಂದ್ರೆ. ಕೆಟ್ಟ ಮೇಲೆ ಬುದ್ಧಿ ಬಂತು ಅಟ್ಟ ಮೇಲೆ ಒಲೆ ಉರೀತು ಅಂತಾರೆ, ಆದ್ರೆ ಇಲ್ಲಿ ಕೆಟ್ಟ ಮೇಲಿನ ಮೊದಲ ಅರ್ಧ ಗಂಟೇಲಿ ಬುದ್ಧಿ ಬಂದ್ರೂ ಬೆಲೆ ಇದೆ. ಕಾರ್ಡಿನ ಹಿಂದಿರೋ ನಂಬರಿಗೆ ಮೊದಲು ಫೋನ್ ಮಾಡಿ, ಕಾರ್ಡು, ಆನ್‌ಲೈನ್ ಬ್ಯಾಂಕಿಂಗ್ ಎರಡನ್ನೂ ಬ್ಲಾಕ್ ಮಾಡಿಸಿ. ನಂಬರನ್ನ ಸರ್ಚ್ ಮಾಡಿ ಹುಡುಕಬೇಡಿ, ಕಳ್ಳರು ತಮ್ಮ ನಂಬರನ್ನ ಬ್ಯಾಂಕಿನ ಸಹಾಯವಾಣಿ ಅಂತ ಹಾಕಿಟ್ಟಿರ್ತಾರೆ, ಗಾಬರೀಲಿ ಅದಕ್ಕೇ ಹೋಗಿ ಬೀಳ್ತೀರ. ಆಮೇಲೆ ಪಾಸ್‌ವರ್ಡ್ ಬದಲಾಯಿಸಿ, ಅದೇ ಪಾಸ್‌ವರ್ಡ್ ಬೇರೆ ಎಲ್ಲೆಲ್ಲಿ ಇಟ್ಟಿದ್ದೀರೋ ಅಲ್ಲೆಲ್ಲ. ಮೇಲ್ ಖಾತೆ ಪಾಸ್‌ವರ್ಡೂ ಹೋಗಿದೆ ಅನ್ನೋ ಅನುಮಾನ ಇದ್ರೆ, ಪಾಸ್‌ವರ್ಡ್ ಬದಲಾಯಿಸಿದ್ರೆ ಮಾತ್ರ ಸಾಲದು, ಸೆಟ್ಟಿಂಗಲ್ಲಿ ಫಿಲ್ಟರು ಮತ್ತು ಫಾರ್ವರ್ಡಿಂಗ್ ಅಂತ ಇರುತ್ತೆ ಅಲ್ಲಿ ನೋಡಿ. ಬ್ಯಾಂಕಿಂದ ಬರೋ ಮೇಲ್‌ಗಳನ್ನ ನಿಮಗೆ ಕಾಣದ ಹಾಗೆ ಸೀದಾ ಕಸದ ಬುಟ್ಟಿಗೆ ಕಳಿಸೋ ನಿಯಮ ಬರೆದಿಟ್ಟು ಹೋಗಿರ್ತಾರೆ, ದುಡ್ಡು ಹೋದ ಎಚ್ಚರಿಕೆ ಬಂದ್ರೂ ನಿಮ್ಮ ಕಣ್ಣಿಗೆ ಬೀಳಲ್ಲ. ಎಲ್ಲಾ ಡಿವೈಸಿಂದ ಸೈನ್‌ಔಟ್ ಅಂತ ಒಂದು ಬಟನ್ ಇರುತ್ತೆ, ಅದನ್ನೂ ಒತ್ತಿ. ಮೇಲನ್ನ ಡಿಲೀಟ್ ಮಾಡಬೇಡಿ, ಪೊಲೀಸರಿಗೆ ದೂರು ಕೊಡೋಕೆ ಅದು ಬೇಕು.

ಮತ್ತೆ ಮನೇಲಿ ಹೇಳಿ. ಬೈತಾರೆ ಅಂತ ಮುಚ್ಚಿಟ್ಕೊಂಡು ಎರಡು ದಿನ ಒಳಗೊಳಗೇ ಕೊರಗಿ ಆಮೇಲೆ ಹೇಳೋರನ್ನ ನಾನು ನೋಡಿದ್ದೀನಿ, ಆ ಎರಡು ದಿನದಲ್ಲಿ ದುಡ್ಡು ನಾಲ್ಕು ಖಾತೆ ದಾಟಿರುತ್ತೆ. ಮಕ್ಕಳಿಗೂ ಒಂದು ಮಾತು, ಅಪ್ಪನೋ ಅಮ್ಮನೋ ಬಂದು ಹೀಗಾಯ್ತು ಅಂದಾಗ ನಿಮ್ಮ ಮೊದಲ ಮಾತು ‘ಎಷ್ಟು ಸಲ ಹೇಳಿದ್ದೆ’ ಆಗಿದ್ರೆ, ಮುಂದಿನ ಸಲ ಅವರು ಹೇಳಲ್ಲ.

ಕೊನೇಲಿ ಬಂದ ಪ್ರಶ್ನೆಗಳು.

ಮೇಲ್ ತೆರೆದ್ರೆ ಸಾಕಾ, ದುಡ್ಡು ಹೋಗುತ್ತಾ ಅಂತ ಒಬ್ಬರು ಅಮ್ಮ ಕೇಳಿದ್ರು. ಇಲ್ಲಮ್ಮ, ಬರೀ ಓದಿದ್ರೆ ದುಡ್ಡು ಹೋಗಲ್ಲ. ಮೇಲಲ್ಲಿ ಕಾಣದಷ್ಟು ಸಣ್ಣ ಚಿತ್ರ ಇಟ್ಟಿದ್ರೆ ಈ ವಿಳಾಸದೋರು ಮೇಲ್ ಓದ್ತಾರೆ ಅಂತ ಅವನಿಗೆ ಗೊತ್ತಾಗಬಹುದು, ಚಿತ್ರಗಳು ತಾನಾಗೇ ಲೋಡ್ ಆಗದ ಹಾಗೆ ಸೆಟ್ಟಿಂಗ್ ಇದೆ. ಲಿಂಕ್ ಒತ್ತಿ ಏನೂ ತುಂಬದೇ ವಾಪಸ್ ಬಂದಿದ್ರೆ, ಏನೂ ಡೌನ್‌ಲೋಡ್ ಮಾಡಿಲ್ಲದಿದ್ರೆ, ಮೊಬೈಲಿನ ಸಾಫ್ಟ್‌ವೇರ್ ಅಪ್‌ಡೇಟ್ ಆಗಿದ್ರೆ, ಬಹುತೇಕ ಏನೂ ಆಗಿರಲ್ಲ. ಅಟ್ಯಾಚ್‌ಮೆಂಟ್ ವಿಷಯ ಬೇರೆ, ಬ್ಯಾಂಕ್ ಸ್ಟೇಟ್‌ಮೆಂಟ್ ಅಂತ ಜಿಪ್ ಫೈಲೋ ಎಚ್‌ಟಿಎಂಎಲ್ ಫೈಲೋ ಬಂದ್ರೆ ತೆರೀಬೇಡಿ, ಸ್ಟೇಟ್‌ಮೆಂಟ್ ಬ್ಯಾಂಕಿನ ಆಪಲ್ಲೇ ಸಿಗುತ್ತೆ.

ಒಬ್ಬ ಹುಡುಗ, ಕಳ್ಳರಿಗೆ ಉತ್ತರ ಬರೆದು ಆಟ ಆಡಿಸಬಹುದಾ ಅಂದ. ಬೇಡಪ್ಪ. ರಿಪೋರ್ಟ್ ಫಿಶಿಂಗ್ ಅನ್ನೋ ಬಟನ್ ಒತ್ತಿ ಬಿಡು, ಅದರಿಂದ ಅದೇ ಮೇಲ್ ಬಂದಿರೋ ಬೇರೆಯೋರಿಗೂ ಉಪಯೋಗ. ಅನ್‌ಸಬ್‌ಸ್ಕ್ರೈಬ್ ಒತ್ತಬೇಡ, ಅದೂ ಅವನದೇ ಲಿಂಕು.

ಇನ್ನೊಬ್ಬರು, ದುಡ್ಡು ಕಳ್ಕೊಂಡೋರು, ಮಾತು ಮುಗಿದ ಮೇಲೆ ಪಕ್ಕಕ್ಕೆ ಕರೆದು ಕೇಳಿದ್ರು, ಹೋದ ದುಡ್ಡು ವಾಪಸ್ ಕೊಡಿಸ್ತೀವಿ, ಸ್ವಲ್ಪ ಫೀಸ್ ಆಗುತ್ತೆ ಅಂತ ಒಬ್ಬರು ಮೇಲ್ ಮಾಡಿದ್ದಾರೆ, ನನ್ನ ಕೇಸಿನ ವಿವರ ಎಲ್ಲಾ ಅವರಿಗೆ ಗೊತ್ತು, ಕೊಡಲಾ ಅಂತ. ವಿವರ ಯಾಕೆ ಗೊತ್ತು ಅಂದ್ರೆ ಕದ್ದವರೇ ಅವರು, ಇಲ್ಲಾ ಕದ್ದವರಿಂದ ಪಟ್ಟಿ ಕೊಂಡವರು ಅಂದೆ. ಒಂದು ಸಲ ಬಿದ್ದವರ ಹೆಸರು ಆ ಪಟ್ಟೀಲಿ ಹೆಚ್ಚು ಬೆಲೆಗೆ ಹೋಗುತ್ತೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, ಸರಿ ಬಿಡಿ ಅಂತ ಹೋದ್ರು.

ಹೊರಡೋ ಮುಂಚೆ ಎಲ್ಲರಿಗೂ ಕಾರ್ಡ್ ತೆಗೆದು ಹಿಂದಿರೋ ನಂಬರನ್ನ ಮೊಬೈಲಲ್ಲಿ ಸೇವ್ ಮಾಡ್ಕೊಳ್ಳಿ ಅಂದೆ, ಒಂದು ಚೀಟೀಲೂ ಬರೆದಿಟ್ಕೊಳ್ಳಿ, ಮೊಬೈಲೇ ಕೈಕೊಟ್ರೆ ಬೇಕಾಗುತ್ತೆ. ಮುಂದಿನ ಸಾಲಲ್ಲಿದ್ದ ಒಬ್ಬರು ಅಜ್ಜಿ ಕನ್ನಡಕ ಏರಿಸಿ ನೋಡಿ, ನನ್ನ ಕಾರ್ಡಲ್ಲಿ ನಂಬರು ಸವೆದುಹೋಗಿದೆ ಕಣಪ್ಪ ಅಂದ್ರು. ಪಾಸ್‌ಬುಕ್ಕೋ ಹಳೇ ಸ್ಟೇಟ್‌ಮೆಂಟೋ ಇದ್ರೆ ಅದರ ಮೇಲೂ ಇರುತ್ತೆ ನೋಡಿ ಅಜ್ಜಿ ಅಂದೆ. ನಾಳೆ ಹುಡುಕ್ತೀನಿ ಅಂದ್ರು. ನಾಳೆ ಬೇಡ, ಮನೆಗೆ ಹೋದ ತಕ್ಷಣ ಅಂದೆ.